ದಸರಾ ರಜೆ: ನಾಲ್ಕು ವರ್ಷದ ಮಗು, ಕೆಲಸಕ್ಕೆ ಹೋಗುವ ಅಪ್ಪ ಅಮ್ಮ, ಮನೆ ತುಂಬ ಗೊಂಬೆ

ಬನಶಂಕರಿಯ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ನಾಲ್ಕು ವರ್ಷ ತುಂಬಿದೆ, ಈ ವರ್ಷ ಎಲ್‌ಕೆಜಿಗೆ ಸೇರಿದ್ದಾಳೆ. ರಾಜ್ಯ ಪಠ್ಯಕ್ರಮದ ಶಾಲೆಯಾದ್ದರಿಂದ ದಸರಾ ರಜೆ ಎರಡು ವಾರಕ್ಕೂ ಮಿಗಿಲಾಗಿದೆ. ಎದುರುಮನೆಯ ಹುಡುಗ ಓದುವ ಕೇಂದ್ರೀಯ ಪಠ್ಯಕ್ರಮದ ಶಾಲೆಯಲ್ಲಿ ಅದರ ಅರ್ಧದಷ್ಟೂ ರಜೆಯಿಲ್ಲ, ಹೀಗಾಗಿ ಆಡಲು ಜೊತೆಯಿಲ್ಲದ ದಿನಗಳೇ ಹೆಚ್ಚು. ನಾನೂ ನನ್ನ ಪತಿಯೂ ಖಾಸಗಿ ಕಂಪನಿಗಳಲ್ಲಿ ಕೆಲಸ ಮಾಡುತ್ತೇವೆ. ನಮಗೆ ಸಿಗುವುದು ಆಯುಧಪೂಜೆ ಮತ್ತು ವಿಜಯದಶಮಿಯ ರಜೆ ಮಾತ್ರ. 2025ರಲ್ಲಂತೂ ವಿಜಯದಶಮಿ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ ಬಂದು, ಎರಡು ರಜೆ ಒಂದಾಗಿಹೋಗಿತ್ತು.

ನಮ್ಮದು ಗೊಂಬೆ ಕೂರಿಸುವ ಮನೆ. ಪಾಡ್ಯಕ್ಕೆ ಮುಂಚೆಯೇ ಅತ್ತೆಯವರು ಹಾಸನದಿಂದ ಬರುತ್ತಾರೆ. ಆದರೆ ಅವರಿಗೆ ಮಂಡಿನೋವು. ಮಗುವಿನ ಹಿಂದೆ ದಿನವಿಡೀ ಓಡಾಡುವುದು ಅವರಿಂದಾಗದು, ಆಗಲೆಂದು ನಾವು ನಿರೀಕ್ಷಿಸುವುದೂ ನ್ಯಾಯವಲ್ಲ. ಕಳೆದ ವರ್ಷ ಮೆಟ್ಟಿಲು ಜೋಡಿಸಿದ ಗಳಿಗೆಯಿಂದ ಕೊನೆಯ ಗೊಂಬೆಯನ್ನು ಪೆಟ್ಟಿಗೆಗೆ ಸೇರಿಸುವವರೆಗೆ ನಮ್ಮ ಮನೆಯಲ್ಲಿ ಅತಿ ಹೆಚ್ಚು ಕೇಳಿಬಂದ ಮಾತು ‘ಮುಟ್ಟಬೇಡ’ ಎಂಬುದೇ ಆಗಿತ್ತು. ಹಬ್ಬವೆಲ್ಲ ಗದರಿಕೆಯಲ್ಲಿ ಕಳೆದು, ಮಗು ಮೂಲೆಯಲ್ಲಿ ಮೊಬೈಲು ಹಿಡಿದು ಕೂತದ್ದೇ ಹೆಚ್ಚಾಯಿತು. ಬಡಾವಣೆಯಲ್ಲಿ ಒಂದು ದಸರಾ ಶಿಬಿರ ನಡೆಯುತ್ತದೆ, ಬೆಳಗ್ಗೆ ಹತ್ತರಿಂದ ಒಂದರವರೆಗೆ. ಮಗಳನ್ನು ಅಲ್ಲಿಗೆ ಸೇರಿಸುವುದೋ, ಊರಿಗೆ ಕಳಿಸುವುದೋ, ಮನೆಯಲ್ಲೇ ಇಟ್ಟುಕೊಳ್ಳುವುದೋ, ಹಾಗೆ ಇಟ್ಟುಕೊಂಡರೆ ಹಗಲನ್ನು ಹೇಗೆ ಹೊಂದಿಸುವುದೋ ತಿಳಿಯುತ್ತಿಲ್ಲ. ಇಷ್ಟೇ ವಯಸ್ಸಿನ ಮಕ್ಕಳಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಗಾಂಧಿ ಬಜಾರಿನ ಅಜ್ಜಿ

ಮೊದಲು ಆ ‘ಮುಟ್ಟಬೇಡ’ವನ್ನು ಬಗೆಹರಿಸಿಕೊಳ್ಳಿ, ಶಿಬಿರದ ಮಾತು ಆಮೇಲೆ ನೋಡೋಣ. ಮೆಟ್ಟಿಲುಗಳು ಮೂರೋ ಐದೋ ಏಳೋ ಇರಲಿ, ಎಲ್ಲಕ್ಕಿಂತ ಕೆಳಗಿನದನ್ನು ಮಗುವಿಗೆ ಬಿಟ್ಟುಕೊಡಿ. ಪಟ್ಟದ ಗೊಂಬೆಗಳೂ ಕಳಶವೂ ಹೇಗಿದ್ದರೂ ಮೇಲಿನ ಮೆಟ್ಟಿಲಿನವು, ಮಣ್ಣಿನ ದಶಾವತಾರದ ಸೆಟ್ಟು ಅದರ ಕೆಳಗೆ, ಅವುಗಳ ಕಡೆಗೆ ಮಗುವಿನ ಕೈ ಹೋಗುವುದಿಲ್ಲ. ಕೆಳಗಿನ ಮೆಟ್ಟಿಲಿನಲ್ಲಿ ಮರದ ಗೊಂಬೆ, ಬಟ್ಟೆಯ ಗೊಂಬೆ, ಬಿದ್ದರೂ ಒಡೆಯದ ಸಾಮಾನು ಮಾತ್ರ ಇರಲಿ. ಅದನ್ನು ದಿನಕ್ಕೆ ಹತ್ತು ಸಲ ಕೆಡಿಸಿ ಮತ್ತೆ ಜೋಡಿಸುವ ಹಕ್ಕು ಮಗುವಿನದು. ನಮ್ಮ ಮೊಮ್ಮಗ ಅಲ್ಲಿ ಹಳದಿ ಬಣ್ಣದ ಜೆಸಿಬಿಯೊಂದನ್ನು ತಂದಿಟ್ಟ. ನೋಡಲು ಬಂದ ನೆಂಟರೊಬ್ಬರು ಮುಖ ಸಿಂಡರಿಸಿದರು. ಕೊಕ್ಕರೆಯೂ ಕ್ರಿಕೆಟ್ ತಂಡವೂ ಪೊಲೀಸ್ ಬ್ಯಾಂಡೂ ಕೂರುವ ಮೆಟ್ಟಿಲ ಮೇಲೆ ಜೆಸಿಬಿ ಕೂತರೆ ಯಾವ ಶಾಸ್ತ್ರಕ್ಕೆ ಚ್ಯುತಿ ಬರುತ್ತದೆಂದು ನನಗೆ ಈಗಲೂ ತಿಳಿದಿಲ್ಲ.

ಎರಡನೆಯದು ಶೆಟ್ಟರ ಅಂಗಡಿ. ಶೆಟ್ಟಿ ಮತ್ತು ಶೆಟ್ಟಮ್ಮನ ಗೊಂಬೆಗಳು ನಿಮ್ಮಲ್ಲೂ ಇದ್ದೇ ಇರುತ್ತವೆ. ಅವರ ಮುಂದಿನ ಪುಟ್ಟ ಬಟ್ಟಲುಗಳಿಗೆ ಅಕ್ಕಿ, ಹೆಸರುಬೇಳೆ, ತೊಗರಿಬೇಳೆ, ರಾಗಿ ತುಂಬುವ ಕೆಲಸವನ್ನು ಮಗುವಿಗೆ ಒಪ್ಪಿಸಿ. ಒಂದು ದೊಡ್ಡ ಹರಿವಾಣವನ್ನು ಕೆಳಗಿಟ್ಟು, ಅದರೊಳಗೇ ಕೂತು ತುಂಬು ಎಂದು ಹೇಳಿ, ಚೆಲ್ಲಿದ್ದೆಲ್ಲ ಹರಿವಾಣಕ್ಕೇ ಬೀಳುತ್ತದೆ. ಬೆರೆತ ಬೇಳೆಗಳನ್ನು ಬೇರ್ಪಡಿಸಲು ಕೊಟ್ಟರೆ ಮಧ್ಯಾಹ್ನದ ಮುಕ್ಕಾಲು ಗಂಟೆ ಸದ್ದಿಲ್ಲದೆ ಕಳೆಯುತ್ತದೆ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಪಾರ್ಕು. ಪಾಡ್ಯಕ್ಕೆ ಮೂರು ನಾಲ್ಕು ದಿನ ಮುಂಚೆ ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಮಣ್ಣು ಹರಡಿ, ಇರುಳೆಲ್ಲ ನೆನೆಸಿದ ರಾಗಿಯನ್ನು ಮಗುವಿನ ಕೈಯಿಂದಲೇ ಚೆಲ್ಲಿಸಿ, ಮೇಲೆ ಪುಡಿಮಣ್ಣು ಉದುರಿಸಿ. ನೀರನ್ನು ಲೋಟದಿಂದ ಹಾಕಿಸಬೇಡಿ, ಕಾಳೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಚಮಚದಿಂದ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಕಿಸಿದರೆ ಸಾಕು. ಎರಡು ಮೂರು ದಿನಕ್ಕೆ ಮೊಳಕೆ ಕಾಣಿಸುತ್ತದೆ, ಸಪ್ತಮಿ ಅಷ್ಟಮಿಯ ಹೊತ್ತಿಗೆ ಹಸಿರು ಹಾಸು ಸಿದ್ಧವಾಗುತ್ತದೆ. ನಡುವೆ ಒಂದು ಕನ್ನಡಿ ಚೂರನ್ನು ಕೆರೆಯೆಂದು ಇಡುವುದು ಹಳೆಯ ರೂಢಿ. ಅಂಚು ಕೈ ಕೊಯ್ಯದಂತೆ ಚೌಕಟ್ಟಿರುವ ಪುಟ್ಟ ಕನ್ನಡಿಯನ್ನೇ ಇಡಿ. ಮಗು ಬೆಳಗ್ಗೆ ಎದ್ದೊಡನೆ ಹಲ್ಲುಜ್ಜುವುದಕ್ಕೂ ಮೊದಲು ಆ ತಟ್ಟೆಯ ಬಳಿ ಓಡುವುದನ್ನು ನೀವೇ ನೋಡುತ್ತೀರಿ.

ಹೆಬ್ಬಾಳದ ಅಪ್ಪ

ಅಜ್ಜಿಯವರು ಬರೆದದ್ದನ್ನು ಓದಿದರೆ ನಮ್ಮ ಮನೆಯಲ್ಲೂ ಗೊಂಬೆ ಕೂರಿಸಬೇಕೆನಿಸುತ್ತದೆ. ಆದರೆ ಬೆಳಗ್ಗೆ ಹನ್ನೊಂದಕ್ಕೆ ಕಚೇರಿಯ ಮೀಟಿಂಗ್ ನಡೆಯುತ್ತಿರುವಾಗ ಹರಿವಾಣದೊಳಗೆ ಕೂತ ಮಗು ತೊಗರಿಬೇಳೆಯನ್ನು ಮೂಗಿಗೆ ತುರುಕಿಕೊಂಡರೆ ನೋಡುವವರು ಯಾರು? ಈ ಸಲಹೆಗಳೆಲ್ಲ ಮನೆಯಲ್ಲಿ ಬಿಡುವಾಗಿರುವ ಒಬ್ಬ ದೊಡ್ಡವರಿದ್ದಾರೆಂದು ಭಾವಿಸಿಕೊಂಡು ಕೊಟ್ಟವು. ನಮ್ಮ ಮನೆಯಲ್ಲಿ ಅಂಥವರಿಲ್ಲ. ಮನೆಯಿಂದಲೇ ಕೆಲಸ ಮಾಡುವುದೆಂದರೆ ಮಗುವನ್ನೂ ನೋಡಿಕೊಳ್ಳುವುದೆಂದು ಬಂಧುಗಳು ತಿಳಿದುಕೊಂಡಿದ್ದಾರೆ. ಆದರೆ ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಮಗುವಿನ ಮೇಲೆ ಇಟ್ಟರೆ ಎರಡೂ ಕೆಡುತ್ತವೆ ಎಂಬುದು ಕೋವಿಡ್ ಕಾಲದಲ್ಲೇ ನಮಗೆಲ್ಲ ಮನವರಿಕೆಯಾಗಿದೆ.

ಆದ್ದರಿಂದ ಶಿಬಿರವನ್ನು ಒಮ್ಮೆಗೇ ತಳ್ಳಿಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಸೇರಿಸುವ ಮುನ್ನ ಹೋಗಿ ನೋಡಿ: ಒಬ್ಬ ಶಿಕ್ಷಕಿಗೆ ಎಷ್ಟು ಮಕ್ಕಳು, ಶೌಚಾಲಯ ಎಲ್ಲಿದೆ, ಮಗುವನ್ನು ಯಾರ ಕೈಗೆ ಒಪ್ಪಿಸಿ ಕಳಿಸುತ್ತಾರೆ, ಗೇಟು ಮುಚ್ಚಿರುತ್ತದೆಯೇ. ನಾಲ್ಕು ವರ್ಷದವರನ್ನೂ ಹತ್ತು ವರ್ಷದವರನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ಶಿಬಿರವಾದರೆ ಬೇಡವೇ ಬೇಡ.

ವಿಜಯಪುರದಿಂದ ಯಲಹಂಕಕ್ಕೆ ಬಂದವರು

ನಮ್ಮ ಕಡೆ ಗೊಂಬೆ ಕೂರಿಸುವ ಪದ್ಧತಿ ಇಲ್ಲ, ಘಟ್ಟ ಹಾಕುವ ಪದ್ಧತಿ ಇದೆ. ಪಾಡ್ಯದ ದಿನ ದೇವರ ಮುಂದೆ ಮಣ್ಣು ಹರಡಿ, ಅದರಲ್ಲಿ ಜೋಳ, ಗೋಧಿ ಮೊದಲಾದ ಕಾಳುಗಳನ್ನು ಬಿತ್ತಿ, ನಡುವೆ ನೀರು ತುಂಬಿದ ಘಟವಿಟ್ಟು ನವರಾತ್ರಿ ಪೂರ್ತಿ ದೀಪ ಹಚ್ಚಿಡುತ್ತಾರೆ. ಅಜ್ಜಿಯವರ ರಾಗಿ ಪಾರ್ಕಿನ ಮಾತು ಓದಿ ನನಗೆ ಅದೇ ನೆನಪಾಯಿತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಹಗಲಿರುಳು ದೀಪ ಕಾಯುವುದು, ಅದರಲ್ಲೂ ಚಿಕ್ಕ ಮಗುವಿರುವಾಗ, ಕಷ್ಟ. ನಾವು ದೀಪವನ್ನು ಎತ್ತರದ ಗೂಡಿನಲ್ಲಿಟ್ಟು, ಬೆಳೆಯನ್ನು ಮಾತ್ರ ಕೆಳಗೆ ಮಗನ ಕೈಗೆಟುಕುವಂತೆ ಇಡುತ್ತೇವೆ. ಗೋಧಿ ರಾಗಿಗಿಂತ ಎತ್ತರ ಬೆಳೆಯುತ್ತದೆ. ಮಗು ದಿನವೂ ಒಂದು ಕಡ್ಡಿಯಿಟ್ಟು ಅಳೆದು ಗೆರೆ ಹಾಕಬಹುದು. ಪೂಜೆ ಮುಗಿದ ಮೇಲೆ ಆ ಸಸಿಯನ್ನು ಕಿವಿಗೋ ಟೋಪಿಗೋ ಸಿಕ್ಕಿಸಿಕೊಳ್ಳುವುದು ಮಕ್ಕಳಿಗೆ ದೊಡ್ಡ ಸಂಭ್ರಮ.

ವಿಜಯದಶಮಿಯ ಸಂಜೆ ಬನ್ನಿ ಕೊಡುವುದನ್ನು ಮಾತ್ರ ತಪ್ಪಿಸಬೇಡಿ. ಹಿರಿಯರ ಕೈಗೆ ಬನ್ನಿ ಎಲೆಯಿತ್ತು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದು ಹೇಳಿ ಕಾಲಿಗೆರಗುವುದು ನಮ್ಮ ಪದ್ಧತಿ. ಅಪಾರ್ಟ್‌ಮೆಂಟಿನಲ್ಲಿ ಪರಿಚಯವೇ ಇಲ್ಲದವರ ಬಾಗಿಲನ್ನೂ ನನ್ನ ಮಗ ತಟ್ಟಿ ಎಲೆ ಕೊಟ್ಟು ಬಂದಿದ್ದಾನೆ. ನಾನು ಅಲ್ಲಿಯವರೆಗೆ ಲಿಫ್ಟಿನಲ್ಲಿ ಮುಗುಳ್ನಕ್ಕು ಸುಮ್ಮನಾಗುತ್ತಿದ್ದ ಮನೆಗಳವರ ಪರಿಚಯ ಆಗಿದ್ದು ಅವನಿಂದಲೇ.

ರಾಜಾಜಿನಗರದಿಂದ ಒಬ್ಬರು

ಈವರೆಗಿನ ಉತ್ತರಗಳಲ್ಲಿ ಅಜ್ಜಿ, ಅತ್ತೆ, ಶಿಬಿರದ ಶಿಕ್ಷಕಿ ಎಲ್ಲರೂ ಬಂದರು. ಅಪ್ಪ ರಜೆ ಹಾಕುವ ಮಾತು ಮಾತ್ರ ಬರಲಿಲ್ಲ. ಪ್ರಶ್ನೆ ಕೇಳಿದವರ ಪತಿಗೆ ಗಳಿಕೆಯ ರಜೆ ಉಳಿದಿಲ್ಲವೇ?

ಬನಶಂಕರಿಯ ತಾಯಿ

ಉಳಿದಿದೆ. ಈ ಪ್ರಶ್ನೆಯನ್ನು ಅವರಿಗೆ ಓದಿ ಹೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಹೆಬ್ಬಾಳದವರು ಹೇಳಿದ ಮೀಟಿಂಗಿನ ಕಷ್ಟ ನಮ್ಮಲ್ಲೂ ಇದೆ, ಕೊನೆಗೆ ಕೈಗೆ ಬರುವುದು ಮೊಬೈಲೇ. ದಿನಕ್ಕೆ ಎಷ್ಟು ಹೊತ್ತು ಕೊಟ್ಟರೆ ತಪ್ಪಿಲ್ಲ ಎಂಬುದನ್ನು ತಿಳಿದವರು ಹೇಳಬಹುದೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮಕ್ಕಳ ವೈದ್ಯೆ, ಮಲ್ಲೇಶ್ವರ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಮೂರು ನಾಲ್ಕು ವರ್ಷದ ಮಕ್ಕಳು ಕೂತು ಪರದೆ ನೋಡುವ ಸಮಯ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅದೇ ಮಾರ್ಗಸೂಚಿಯ ಇನ್ನೆರಡು ಮಾತುಗಳನ್ನು ತಂದೆತಾಯಿಗಳು ಗಮನಿಸುವುದೇ ಇಲ್ಲ. ಈ ವಯಸ್ಸಿನವರಿಗೆ ಹಗಲುನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು, ಮತ್ತು ದಿನದಲ್ಲಿ ಒಟ್ಟು 180 ನಿಮಿಷವಾದರೂ ಮೈ ಅಲುಗಾಡುವ ಆಟ ಬೇಕು, ಅದರಲ್ಲಿ ಒಂದು ಗಂಟೆ ಏದುಸಿರು ಬರುವಂಥದ್ದಾಗಿರಬೇಕು. ರಜೆಯಲ್ಲಿ ಕೆಡುವುದು ಮೊದಲಿಗೆ ನಿದ್ದೆ. ಗೊಂಬೆ ನೋಡಲು ಬರುವವರು ರಾತ್ರಿ ಒಂಬತ್ತರವರೆಗೂ ಬರುತ್ತಾರೆ, ಮಗು ಹತ್ತೂವರೆಗೆ ಮಲಗಿ ಬೆಳಗ್ಗೆ ತಡವಾಗಿ ಎದ್ದು ದಿನವಿಡೀ ಹಠ ಮಾಡುತ್ತದೆ. ಆ ಹಠಕ್ಕೆ ಔಷಧಿ ಕೇಳಿಕೊಂಡು ನಮ್ಮ ಬಳಿಗೆ ಬರುವವರೂ ಇದ್ದಾರೆ. ‘ಆರತಿಗೆ ಆರೂವರೆಗೆ ಬನ್ನಿ, ಎಂಟಕ್ಕೆ ಮಗು ಮಲಗುತ್ತದೆ’ ಎಂದು ಕರೆಯುವಾಗಲೇ ಹೇಳಿಬಿಡಿ, ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಹಬ್ಬದ ಮನೆಯಲ್ಲಿ ಗಮನಿಸಬೇಕಾದವು ಕೆಲವಿವೆ. ಪುರಿಯ ಜೊತೆಗಿನ ಕಡಲೆಕಾಯಿ ಬೀಜ, ಹುರಿಗಡಲೆ, ಉಸಲಿಯ ಗಟ್ಟಿ ಕಡಲೆಕಾಳು ಐದು ವರ್ಷದೊಳಗಿನವರ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳಬಲ್ಲವು. ಚೆನ್ನಾಗಿ ಬೇಯಿಸಿ ಹಿಸುಕಿ ಕೊಡಿ, ಓಡಾಡುತ್ತ ತಿನ್ನಲು ಬಿಡಬೇಡಿ. ಹೆಬ್ಬಾಳದವರು ಮೂಗಿನ ಬೇಳೆಯ ಬಗ್ಗೆ ಹೇಳಿದ್ದು ತಮಾಷೆಯಲ್ಲ, ಅದು ನಿಜವಾಗಿ ನಡೆಯುತ್ತದೆ. ಕಾಳಿನ ಆಟಕ್ಕೆ ದೊಡ್ಡವರೊಬ್ಬರು ಪಕ್ಕದಲ್ಲಿರಲೇಬೇಕು. ತಲೆಮಾರುಗಳಿಂದ ಬಂದ ಬಣ್ಣದ ಗೊಂಬೆಗಳನ್ನು ಮಗು ಬಾಯಿಗಿಟ್ಟುಕೊಳ್ಳದಂತೆ ನೋಡಿಕೊಳ್ಳಿ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ, ಅದಕ್ಕೆ ಮೊದಲು ಬಳಿದ ಬಣ್ಣದಲ್ಲಿ ಏನಿದೆಯೆಂದು ಹೇಳಲಾಗದು. ಇನ್ನು ಸೆಪ್ಟೆಂಬರ್ ಅಕ್ಟೋಬರ್ ಬೆಂಗಳೂರಿನಲ್ಲಿ ಮಳೆ ಹೆಚ್ಚಿರುವ ತಿಂಗಳುಗಳು. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಸಂಜೆ ಉದ್ಯಾನಕ್ಕೆ ಹೋಗುವಾಗ ಮೈತುಂಬ ಬಟ್ಟೆ ಹಾಕಿಸಿ, ರಾಗಿ ತಟ್ಟೆಯಲ್ಲೂ ಹೂದಾನಿಯಲ್ಲೂ ನೀರು ನಿಲ್ಲದಂತೆ ನೋಡಿಕೊಳ್ಳಿ.

ಕೆಂಗೇರಿಯ ಮೇಷ್ಟ್ರು

ನಿವೃತ್ತ ಶಿಕ್ಷಕ ನಾನು. ರಜೆ ಬಂದೊಡನೆ ಎಲ್ಲರೂ ಕೇಳುವುದು, ಜಂಬೂಸವಾರಿಗೆ ಮಗುವನ್ನು ಕರೆದುಕೊಂಡು ಹೋಗಬಹುದೇ ಎಂದು. ನಾಲ್ಕು ವರ್ಷದ ಮಗುವಿಗೆ ಅದು ಬೇಡ. 750 ಕೆ.ಜಿ. ತೂಕದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪದ ಕಡೆಗೆ ಹೊರಡುವುದನ್ನು ಒಂದು ನಿಮಿಷ ನೋಡಲು ಬೆಳಗ್ಗೆಯಿಂದ ಬಿಸಿಲಿನಲ್ಲಿ ಜನಜಂಗುಳಿಯ ನಡುವೆ ಕಾಯಬೇಕಾಗುತ್ತದೆ. ಹೆಗಲ ಮೇಲೆ ಕೂತ ಮಗು ಅಷ್ಟು ಹೊತ್ತಿಗೆ ನಿದ್ದೆ ಹೋಗಿರುತ್ತದೆ. ಅದಕ್ಕಿಂತ ಆನೆಗಳ ತಾಲೀಮು ನೋಡುವುದು ಮೇಲು. ದಸರೆಗೆ ವಾರಗಟ್ಟಲೆ ಮುಂಚೆಯೇ ಗಜಪಡೆ ಮೈಸೂರಿಗೆ ಬಂದಿರುತ್ತದೆ, ಮರಳಿನ ಮೂಟೆ ಹೊತ್ತು ಬೀದಿಯಲ್ಲಿ ನಡೆಯುವ ಅಭ್ಯಾಸ ಮಾಡುತ್ತದೆ. ಆನೆ ಹತ್ತಿರದಿಂದ ಕಾಣುತ್ತದೆ, ಜನವೂ ಕಡಿಮೆ. ಪಟಾಕಿ ಮತ್ತು ಕುಶಾಲತೋಪಿನ ಸದ್ದಿಗೆ ಆನೆಗಳನ್ನು ಒಗ್ಗಿಸುವ ತಾಲೀಮಿನ ದಿನ ಮಾತ್ರ ಹೋಗಬೇಡಿ, ಆ ಸದ್ದು ಮಗುವಿನ ಕಿವಿಗಲ್ಲ. ನವರಾತ್ರಿಯ ಮೊದಲ ದಿನಗಳಲ್ಲಿ ಹೋದರೆ ಬೆಳಗ್ಗೆ ಮೃಗಾಲಯ, ಮಧ್ಯಾಹ್ನ ನಿದ್ದೆ, ಸಂಜೆ ಅರಮನೆಯ ದೀಪಾಲಂಕಾರ, ಇಷ್ಟಕ್ಕೆ ಮುಗಿಸಿ. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಬೇಡವೆಂದರೆ ರೈಲಿನಲ್ಲಿ ಟಿಕೆಟು ಬೇಕಿಲ್ಲ. ಶಕ್ತಿ ಯೋಜನೆ 2023ರ ಜೂನಿನಲ್ಲಿ ಜಾರಿಯಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ತಾಯಂದಿರಿಗೂ ಟಿಕೆಟಿನ ಖರ್ಚಿಲ್ಲ, ಆದರೆ ರಜೆಯಲ್ಲಿ ಆ ಬಸ್ಸುಗಳಲ್ಲಿ ಮಗುವನ್ನು ಎತ್ತಿಕೊಂಡು ನಿಲ್ಲಬೇಕಾದೀತು.

ಅಷ್ಟು ದೂರವೂ ಬೇಡವೆಂದರೆ ಚನ್ನಪಟ್ಟಣ ಸುಮಾರು 60 ಕಿ.ಮೀ. ಅಲ್ಲಿ ಕುಶಲಕರ್ಮಿಗಳು ಚರಕಿಯ ಮೇಲೆ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹಿಡಿಯುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಬಿಳಿ ಮರ ಕಣ್ಣೆದುರೇ ಕೆಂಪಾಗುವುದನ್ನು ನೋಡಿದ ಮಗು ಬುಗುರಿಯನ್ನು ಕೈಯಿಂದ ಬಿಡುವುದಿಲ್ಲ. ಹೋಗುವ ದಾರಿಯಲ್ಲೇ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ, ತೊಗಲುಗೊಂಬೆಗಳನ್ನು ಅಲ್ಲಿ ತೋರಿಸಬಹುದು. ನೀವು ಬನಶಂಕರಿಯವರೇ ಆದ್ದರಿಂದ ಇನ್ನೊಂದು ಮಾತು: ನಿಮ್ಮ ಬಡಾವಣೆಯಲ್ಲೇ ಇರುವ ಧಾತು ಸಂಸ್ಥೆ ಹಲವು ವರ್ಷಗಳಿಂದ ನವರಾತ್ರಿಯಲ್ಲಿ ಗೊಂಬೆಗಳ ಪ್ರದರ್ಶನವನ್ನೂ ಸೂತ್ರದ ಗೊಂಬೆಯಾಟವನ್ನೂ ಏರ್ಪಡಿಸುತ್ತ ಬಂದಿದೆ. ಈ ವರ್ಷದ ದಿನಾಂಕ ವಿಚಾರಿಸಿಕೊಳ್ಳಿ.

ಶಿವಾಜಿನಗರದ ತಾಯಿ

ನಮ್ಮ ಮನೆಯಲ್ಲಿ ದಸರಾ ಹಬ್ಬವಿಲ್ಲ, ಆದರೆ ರಜೆ ನಮ್ಮ ಮಗನಿಗೂ ಅಷ್ಟೇ ಉದ್ದ. ನಮ್ಮ ಅಭ್ಯಾಸವನ್ನು ಬರೆಯುತ್ತೇನೆ. ಬೆಳಗ್ಗೆ ಎಂಟರೊಳಗೆ ಕಬ್ಬನ್ ಉದ್ಯಾನಕ್ಕೆ ಹೋಗುತ್ತೇವೆ, ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಬೆಳಗಿನ ಹೊತ್ತು ನಂಬಬಹುದು. ಬಿದಿರು ಮೆಳೆಯ ಬಳಿ ಬಿದ್ದ ಕಡ್ಡಿ ಆರಿಸುವುದರಲ್ಲೇ ಅವನಿಗೆ ಒಂದು ಗಂಟೆ ಕಳೆಯುತ್ತದೆ. ಬಾಲಭವನದ ಪುಟಾಣಿ ರೈಲು ಓಡುತ್ತಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಮಗುವಿಗೆ ಹೇಳಿ, ನಿಂತ ರೈಲಿನ ಮುಂದೆ ಅಳುವ ಮಗುವನ್ನು ಸಮಾಧಾನಪಡಿಸುವುದು ಸುಲಭವಲ್ಲ. ಮಳೆ ಹಿಡಿದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಹತ್ತಿರದಲ್ಲೇ ಇದೆ. ರೈಟ್ ಸಹೋದರರ ವಿಮಾನದ ಮಾದರಿಯನ್ನೂ ಡೈನೋಸಾರನ್ನೂ ನೋಡಿಸಿ ಹೊರಟುಬಿಡಿ, ಮೇಲಿನ ಅಂತಸ್ತುಗಳನ್ನೆಲ್ಲ ಒಂದೇ ದಿನ ತೋರಿಸುವ ಹಟ ಬೇಡ. ಬನ್ನೇರುಘಟ್ಟಕ್ಕೆ ಹೊರಡುವವರು ಮಂಗಳವಾರ ಹೋಗಬೇಡಿ, ವಾರದ ರಜೆ ಅಂದು.

ಇನ್ನೊಂದು ವಿಷಯ. ನಮ್ಮ ಹಳೆಯ ನೆರೆಮನೆಯವರು ಗೊಂಬೆ ಕೂರಿಸಿದಾಗ ನನ್ನ ಮಗನನ್ನೂ ಕರೆಯುತ್ತಾರೆ, ಬಾಗಿನವೆಂದು ಅವನ ಕೈಗೂ ಒಂದು ಪೊಟ್ಟಣ ಕೊಡುತ್ತಾರೆ. ಬಾಗಿಲಲ್ಲಿ ನಿಂತು ‘ಗೊಂಬೆ ಕೂರಿಸಿದ್ದೀರಾ?’ ಎಂದು ಕೇಳುವುದನ್ನು ಅವನಿಗೆ ಕಲಿಸಿದವರೂ ಅವರೇ. ಈಗ ಅವನು ವರ್ಷವಿಡೀ ಯಾರ ಮನೆಗೆ ಹೋದರೂ ಅದನ್ನೇ ಕೇಳುತ್ತಾನೆ.

ಜೆ.ಪಿ. ನಗರದ ಓದುಗರು

ಯಾರೂ ಎತ್ತದ ವಿಷಯವೊಂದಿದೆ. ನಮ್ಮ ಮನೆಯಲ್ಲಿ ಪಾತ್ರೆ ತೊಳೆದು ನೆಲ ಒರೆಸುವ ಮಹಿಳೆಯ ಮಗನಿಗೂ ಐದು ವರ್ಷ, ಅವನಿಗೂ ಇದೇ ರಜೆ. ಆಕೆಗೆ ಶಿಬಿರವೂ ಇಲ್ಲ, ಊರಿನಿಂದ ಬರುವ ಅತ್ತೆಯೂ ಇಲ್ಲ. ಹಾಗಾಗಿ ಅವನು ತಾಯಿಯ ಜೊತೆ ಮನೆಯಿಂದ ಮನೆಗೆ ಸುತ್ತುತ್ತಾನೆ, ಬಹುತೇಕ ಮನೆಗಳಲ್ಲಿ ಬಾಗಿಲ ಬಳಿ ಕೂತಿರುತ್ತಾನೆ. ನಮ್ಮ ಮಗಳು ಅವನನ್ನು ಒಳಗೆ ಎಳೆದುಕೊಂಡು ಹೋಗಿ ತನ್ನ ಬ್ಲಾಕುಗಳನ್ನು ಮುಂದಿಟ್ಟಳು. ಆ ರಜೆಯಲ್ಲಿ ನಮಗೆ ಮೊಬೈಲಿನ ನೆನಪೇ ಆಗಲಿಲ್ಲ. ಇದನ್ನು ನಮ್ಮ ಔದಾರ್ಯವೆಂದು ಬರೆಯುತ್ತಿಲ್ಲ, ಲಾಭವಾದದ್ದು ಹೆಚ್ಚಾಗಿ ನಮಗೇ. ಜೊತೆಗೊಂದು ಮಗುವಿದ್ದರೆ ದೊಡ್ಡವರು ಆಡಿಸಬೇಕಾಗಿಲ್ಲ, ಕಣ್ಣಿಟ್ಟಿದ್ದರೆ ಸಾಕು. ಅವನಿಗೂ ಅದೇ ಹೊತ್ತಿಗೆ ಊಟ, ಅದೇ ತಟ್ಟೆ, ಅದೇ ನಿದ್ದೆಯ ಚಾಪೆ ಎಂಬುದನ್ನು ಮಾತ್ರ ಮೊದಲ ದಿನವೇ ಮನೆಯಲ್ಲಿ ಎಲ್ಲರಿಗೂ ಸ್ಪಷ್ಟಪಡಿಸಿ.

ಹೆಬ್ಬಾಳದ ಅಪ್ಪ

ರಾಜಾಜಿನಗರದವರು ಕೇಳಿದ್ದು ನನಗೂ ತಾಗುವ ಪ್ರಶ್ನೆ. ನಾನು ಈ ಬಾರಿ ರಜೆಯನ್ನು ಇಡೀ ದಿನಗಳಾಗಿ ತೆಗೆದುಕೊಳ್ಳದೆ ಅರ್ಧ ದಿನಗಳಾಗಿ ಒಡೆದು ಕೇಳಿದ್ದೇನೆ. ಬೆಳಗ್ಗೆ ನಾನು, ಮಧ್ಯಾಹ್ನ ನನ್ನ ಪತ್ನಿ. ರಜೆಯ ಖಾತೆಯಿಂದ ಕಳೆಯುವುದು ಕಡಿಮೆ, ಮಗುವಿಗೆ ಸಿಗುವ ಹೊತ್ತು ಹೆಚ್ಚು. ಇದರ ಜೊತೆಗೆ ಒಂದು ಕಾನೂನಿನ ವಿಷಯವೂ ನೆನಪಿರಲಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಬಂದ, 2025ರ ನವೆಂಬರಿನಿಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿರುವ ನಿಯಮದ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಬರಲು ಬಿಡಬೇಕು. 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಗಳಿಗೆ ಇಂಥ ಕೇಂದ್ರದ ಹೊಣೆಯನ್ನು 1948ರ ಕಾರ್ಖಾನೆಗಳ ಕಾಯ್ದೆಯೇ ಹೊರಿಸಿತ್ತು, ಅದೂ ಆರು ವರ್ಷದೊಳಗಿನ ಮಕ್ಕಳಿಗಾಗಿ. ಕಂಪನಿಯೊಂದರಲ್ಲಿ ಈ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿದಾಗ ಸಿಬ್ಬಂದಿ ವಿಭಾಗದವರು ನನ್ನ ಪತ್ನಿಗೆ ಒಂದು ಬೀಗ ಹಾಕಿದ ಕೋಣೆ ತೋರಿಸಿದರು, ಒಳಗೆ ಹಳೆಯ ಕುರ್ಚಿಗಳಿದ್ದವು. ಆದರೂ ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು. ಒಬ್ಬರೇ ಕೇಳುವ ಬದಲು ನಾಲ್ಕೈದು ಮಂದಿ ಸೇರಿ ಕೇಳಿದರೆ ಬೀಗದ ಕೈ ಬೇಗ ಸಿಗುತ್ತದೆ.

ಗಾಂಧಿ ಬಜಾರಿನ ಅಜ್ಜಿ

ವೈದ್ಯೆಯವರು ಹೇಳಿದ್ದು ಸರಿ, ಕಾಳಿನ ಆಟಕ್ಕೆ ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಮಂಡಿನೋವಿನ ಅತ್ತೆಯವರಿಗೂ ಕುರ್ಚಿಯಲ್ಲಿ ಕೂತು ನೋಡುವುದು ಸಾಧ್ಯ, ಹಿಂದೆ ಓಡುವುದಷ್ಟೇ ಆಗದು. ಆದ್ದರಿಂದ ಕೂತು ಆಡುವ ಆಟ ಅವರ ಪಾಲಿಗೆ, ಓಡುವ ಆಟ ಅಪ್ಪ ಅಮ್ಮನ ಪಾಲಿಗೆ ಎಂದು ಹಂಚಿಕೊಳ್ಳಿ.

ಮರೆತಿದ್ದೆ, ಸರಸ್ವತಿ ಪೂಜೆಯ ದಿನದ ಫಜೀತಿಯನ್ನು ಹೇಳಲೇಬೇಕು. ಮೂಲಾ ನಕ್ಷತ್ರದಂದು ಪುಸ್ತಕಗಳನ್ನು ಪೂಜೆಗೆ ಇಡುತ್ತೇವಲ್ಲವೇ, ಮೊಮ್ಮಗ ತಾನೇ ಉತ್ಸಾಹದಿಂದ ತನ್ನ ಚಿತ್ರದ ಪುಸ್ತಕ, ಬಣ್ಣದ ಕಡ್ಡಿಗಳ ಡಬ್ಬಿ ಎಲ್ಲವನ್ನೂ ತಂದಿಟ್ಟ. ಅರಿಶಿನ ಕುಂಕುಮ ಹಚ್ಚಿದ್ದಾಯಿತು, ಮಂಗಳಾರತಿ ಆಯಿತು. ಹತ್ತು ನಿಮಿಷಕ್ಕೆ ಬಣ್ಣದ ಕಡ್ಡಿ ಬೇಕೆಂದ. ವಿಜಯದಶಮಿಯವರೆಗೆ ತೆಗೆಯುವಂತಿಲ್ಲ ಎಂದಾಗ, ‘ಸರಸ್ವತಿ ಈಗ ಬರೀತಿದಾಳಾ?’ ಎಂದು ಕೇಳಿ, ಅವಳು ಬರೆಯುತ್ತಿಲ್ಲವೆಂದು ತಾನೇ ಬಗ್ಗಿ ನೋಡಿ ಖಚಿತಪಡಿಸಿಕೊಂಡು, ನೆಲಕ್ಕೆ ಬಿದ್ದು ಅತ್ತ. ಆಮೇಲೆ ರಂಗೋಲಿ ಪುಡಿ ಕೊಟ್ಟು ಅಂಗಳದಲ್ಲಿ ಗೀಚಿಸಬೇಕಾಯಿತು. ಆದ್ದರಿಂದ ಪೂಜೆಗೆ ಮಗ್ಗಿ ಪುಸ್ತಕ ಇಡಿಸಿ, ಅದು ಐದು ದಿನ ಹೋದರೂ ಯಾವ ಮಗುವೂ ಅಳುವುದಿಲ್ಲ. ಬಣ್ಣದ ಕಡ್ಡಿಗಳಲ್ಲಿ ಒಂದನ್ನು ಮಾತ್ರ ಸಾಂಕೇತಿಕವಾಗಿ ಇಟ್ಟು ಉಳಿದದ್ದನ್ನು ಹೊರಗಿಟ್ಟುಕೊಳ್ಳಿ.

ಬನಶಂಕರಿಯ ತಾಯಿ

ಇಷ್ಟೊಂದು ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಪತಿಯ ಉತ್ತರ ಬಂತು: ಅರ್ಧ ದಿನದ ಲೆಕ್ಕ ಅವರಿಗೂ ಒಪ್ಪಿಗೆಯಾಗಿದೆ, ನವರಾತ್ರಿಯ ವಾರ ಬೆಳಗಿನ ಹೊತ್ತು ಅವರದು. ಶಿಬಿರವನ್ನು ನೋಡಿ ಬಂದೆವು, ಒಂದೇ ಸಭಾಂಗಣದಲ್ಲಿ ಎಲ್ಲ ವಯಸ್ಸಿನವರೂ ಇದ್ದರು, ಬೇಡವೆಂದು ತೀರ್ಮಾನಿಸಿದೆವು. ನಮ್ಮ ಮಹಡಿಯ ಮೂರು ಮನೆಯವರು ಸೇರಿ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುವುದೆಂದು ಮಾತಾಡಿಕೊಂಡಿದ್ದೇವೆ, ಕೆಳಗಿನ ಕಾವಲುಗಾರರ ಮಗಳೂ ಬರುತ್ತಾಳೆ. ರಾಗಿ ನೆನೆಹಾಕಿದ್ದಾಗಿದೆ. ಅತ್ತೆಯವರು ಕೆಳಗಿನ ಮೆಟ್ಟಿಲನ್ನು ಬಿಟ್ಟುಕೊಡಲು ಒಪ್ಪಿದ್ದಾರೆ, ಆದರೆ ಪ್ಲಾಸ್ಟಿಕ್ಕಿನ ಡೈನೋಸಾರ್ ದಶಾವತಾರದ ಪಕ್ಕ ಬರಕೂಡದೆಂಬ ಷರತ್ತು ಹಾಕಿದ್ದಾರೆ. ಒಂದು ಕೊನೆಯ ಪ್ರಶ್ನೆ: ಆಯುಧಪೂಜೆಗೆ ತನ್ನ ಮೂರು ಚಕ್ರದ ಸೈಕಲ್ಲಿಗೂ ಪೂಜೆಯಾಗಬೇಕು, ಕುಂಬಳಕಾಯಿಯನ್ನು ತಾನೇ ಒಡೆಯಬೇಕು ಎಂದು ಮಗಳು ಪಟ್ಟು ಹಿಡಿದಿದ್ದಾಳೆ. ಏನು ಮಾಡುವುದು?

ಕೆಂಗೇರಿಯ ಮೇಷ್ಟ್ರು

ಸೈಕಲ್ಲಿಗೆ ಖಂಡಿತ ಪೂಜೆ ಮಾಡಿಸಿ. ಹಿಂದಿನ ದಿನ ಅವಳಿಂದಲೇ ತೊಳೆಸಿ, ಸೇವಂತಿಗೆಯ ಒಂದು ಮೊಳ ಹೂ ಅದಕ್ಕೇ ಎಂದು ಬೇರೆಯಾಗಿ ತನ್ನಿ. ಹೂವನ್ನೂ ಬಾಳೆಕಂದನ್ನೂ ಹಬ್ಬದ ಮುನ್ನಾದಿನ ಕೊಳ್ಳಲು ಹೋದರೆ ಬೆಲೆ ಕೇಳಿಯೇ ಹಿಂದಿರುಗಬೇಕಾಗುತ್ತದೆ, ಎರಡು ದಿನ ಮುಂಚೆ ಕೊಂಡಿಡಿ. ಕುಂಬಳಕಾಯಿ ಒಡೆಯುವುದು ದೊಡ್ಡವರ ಕೆಲಸವಾಗಿಯೇ ಇರಲಿ. ಒಡೆದದ್ದನ್ನು ರಸ್ತೆಯಲ್ಲಿ ಬಿಡಬೇಡಿ, ಆ ತಿರುಳಿನ ಮೇಲೆ ಪ್ರತಿ ವರ್ಷ ಬೈಕುಗಳು ಜಾರುತ್ತವೆ, ಸಂಚಾರ ಪೊಲೀಸರು ಪ್ರತಿ ವರ್ಷ ಬೇಡಿಕೊಳ್ಳುತ್ತಾರೆ. ಮಗಳ ಪಾಲಿಗೆ ಚಕ್ರದ ಕೆಳಗಿನ ನಿಂಬೆಹಣ್ಣನ್ನು ಬಿಟ್ಟುಕೊಡಿ. ಮೂರು ಚಕ್ರಕ್ಕೆ ಮೂರು ಹಣ್ಣು, ತಾನೇ ಸೈಕಲ್ ಹತ್ತಿ ಹಾಯಿಸಲಿ. ಅವಳ ತೂಕಕ್ಕೆ ಹಣ್ಣು ಜಜ್ಜಲಿಕ್ಕಿಲ್ಲ, ಆದ್ದರಿಂದ ಮೊದಲೇ ಅರ್ಧಕ್ಕೆ ಸೀಳಿಟ್ಟಿರಿ.